ಬೆಳ್ತಂಗಡಿ ಗ್ರೈಂಡರಿಗೆ ಲೋಕದಲ್ಲೇ ಮೊದಲ ಸ್ಥಾನ

೨೦೦೮ರಲ್ಲಿ ನನ್ನನ್ನು ಸೋಲಿಸುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ನಾನು ಹೆಚ್ಚು ಮಾಡಿ ಹೇಳುವ ಜಾತಿಯವನಲ್ಲ, ಇದ್ದದ್ದನ್ನು ಹೇಳುತ್ತೇನೆ. ಅಮೆರಿಕದಲ್ಲಿ ಕೂತು ಹುಡುಕಿ, ಜಪಾನಿನಲ್ಲಿ ಕೂತು ಹುಡುಕಿ, ನಡುಸಮುದ್ರದ ಹಡಗಿನಲ್ಲಿ ನಿಂತು ಹುಡುಕಿ, ಕಂಪ್ಯೂಟರಿನಲ್ಲಿ 'ವೆಟ್ ಗ್ರೈಂಡರ್ ಬೆಳ್ತಂಗಡಿ' ಎಂದು ಬರೆದು ಒತ್ತಿದರೆ ಮೊದಲು ಕಾಣುವುದು ನನ್ನ ಬ್ಲಾಗು. ಎರಡನೆಯ ಸ್ಥಾನದಲ್ಲೂ ನಾನೇ. ಮೂರನೆಯದು ಯಾವುದೋ ದೇಶದ ಜಲ್ಲಿ ಪುಡಿ ಮಾಡುವ ಯಂತ್ರ. ಈ ಮೂರು ಶಬ್ದಗಳನ್ನು ಒಟ್ಟಿಗೆ ಹುಡುಕುವವರು ಲೋಕದಲ್ಲಿ ಎಷ್ಟು ಮಂದಿ ಎಂದು ಕೇಳಬೇಡಿ. ಓಟದಲ್ಲಿ ಮೊದಲು ಬಂದವನ ಹತ್ತಿರ ಎಷ್ಟು ಮಂದಿ ಓಡಿದ್ದರು ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ.

ವ್ಯಾಪಾರ ಬಹಳ ಸರಳ. ಚೆನ್ನೈಯಲ್ಲಿ ಒಂದು ಕಂಪೆನಿ ಇತ್ತು. ಗಲ್ಫಿನಲ್ಲಿರುವವರು ಅಲ್ಲಿಂದಲೇ ದುಡ್ಡು ಕಟ್ಟಿದರೆ ಊರಿನ ತಾಯಂದಿರಿಗೆ ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ ತಲುಪಿಸುವ ಕಂಪೆನಿ. ನನ್ನ ಕೆಲಸ ಆ ಸಾಮಾನುಗಳನ್ನು ಬ್ಲಾಗಿನಲ್ಲಿ ಹೊಗಳುವುದು. ಓದಿದವರು ನನ್ನ ಪುಟದ ಕೊಂಡಿ ಒತ್ತಿ ಅಲ್ಲಿಗೆ ಹೋಗಿ ಕೊಂಡರೆ ನನಗೆ ಕಮಿಷನ್. ಅಂಗಡಿ ಬೇಡ, ಬಾಡಿಗೆ ಬೇಡ, ಮೈ ಬೆವರುವುದೂ ಬೇಡ. ಹೊಗಳುವ ವಿದ್ಯೆ ನನಗೆ ತಾಯಿಯ ಹೊಟ್ಟೆಯಿಂದಲೇ ಬಂದದ್ದು. 'ಹನ್ನೆರಡು ವರ್ಷದಿಂದ ನಾನು ಇದೇ ಗ್ರೈಂಡರಿನಲ್ಲಿ ಹಿಟ್ಟು ಕಡೆಯುತ್ತಿದ್ದೇನೆ' ಎಂದು ಬರೆದಿದ್ದೆ. ಆ ಗ್ರೈಂಡರ್ ಮಾರ್ಕೆಟಿಗೆ ಬಂದು ಎರಡು ವರ್ಷವಾಗಿತ್ತು. ನಾನು ಅದನ್ನು ನೋಡಿದ್ದು ಫೋಟೋದಲ್ಲಿ.

ಹುಡುಕುವ ಯಂತ್ರಕ್ಕೆ ಒಂದೇ ಶಬ್ದ ಎಷ್ಟು ಸಲ ಕಂಡರೆ ಅಷ್ಟು ಪ್ರೀತಿ ಎಂದು ಎಲ್ಲೋ ಓದಿದ್ದೆ. ಹಾಗಾಗಿ ನಾನು ಇಂಗ್ಲಿಷಿನಲ್ಲಿ ಬರೆದ ಮೊದಲ ವಾಕ್ಯವನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ: 'ಬೆಳ್ತಂಗಡಿಯ ತಾಯಂದಿರಿಗೆ ಬೆಳ್ತಂಗಡಿಯಲ್ಲಿ ಬೆಳ್ತಂಗಡಿಗೆ ಒಪ್ಪುವ ಬೆಳ್ತಂಗಡಿ ಗ್ರೈಂಡರ್.' ಸಾಲದ್ದಕ್ಕೆ ಪುಟದ ಅಡಿಯಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ತುಂಬಿಸಿಟ್ಟಿದ್ದೆ. ಮನುಷ್ಯರ ಕಣ್ಣಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ, ಜಿನ್ನುಗಳ ಹಾಗೆ.

ಈ ಮಹಾಕಾರ್ಯವೆಲ್ಲ ನಡೆಯುತ್ತಿದ್ದದ್ದು ವಾಮದಪದವಿನ ನನ್ನ ಹೆಂಡತಿಯ ಮನೆಯಲ್ಲಿ. ಮಿಸ್ರಿಯಾ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಅಳಿಯನಾದ ನಾನು ಅವಳನ್ನು ನೋಡಲು ಬಂದವನು ವಾಪಸು ಹೋಗಿರಲಿಲ್ಲ. ನಮ್ಮ ಬ್ಯಾರಿಗಳಲ್ಲಿ ಅಳಿಯ ಹೆಂಡತಿಯ ಮನೆಯಲ್ಲಿ ಉಳಿದರೆ ಯಾರೂ ಏನೂ ಅನ್ನುವುದಿಲ್ಲ, ಕೋಳಿಗಳಿಗೆ ಮಾತ್ರ ಸ್ವಲ್ಪ ಕಷ್ಟ. ನಾನು ಉಳಿದದ್ದು ಕೋಳಿಗಾಗಿಯೂ ಅಲ್ಲ. ಆ ಮನೆಯಲ್ಲಿ ಟೆಲಿಫೋನ್ ಇತ್ತು, ಅದರ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಇಂಟರ್‌ನೆಟ್ ಬರುತ್ತಿತ್ತು.

ಮಾವ ಮೊಯ್ದೀನ್ ಗಲ್ಫಿನ ದಮ್ಮಾಮಿನಲ್ಲಿ ದೊಡ್ಡ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದು ಬಂದವರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಪಂಚೆ. ಅವರು ನಡೆದರೆ ಹಿಂದಿನಿಂದ ಅತ್ತರಿನ ಪರಿಮಳ ಪುಂಜಾಲಕಟ್ಟೆಯವರೆಗೆ ಹೋಗುತ್ತಿತ್ತು. ಒಂದು ದಿನ ನನ್ನ ಹಿಂದೆ ನಿಂತು ಕೇಳಿದರು.

"ಊರವರು ಕೇಳ್ತಾರೆ, ಅಳಿಯ ಒಳಗೆ ಕೂತು ಎಂತ ಮಾಡ್ತಾನೆ ಅಂತ. ನಾನು ಎಂತ ಹೇಳುವುದು?"

"ಆನ್‌ಲೈನ್ ಮಾರ್ಕೆಟಿಂಗ್ ಅಂತ ಹೇಳಿ ಮಾವ."

"ಮಾರ್ಕೆಟ್ಟಾ? ಹಾಗಾದ್ರೆ ಬರುವಾಗ ಎರಡು ಬಂಗುಡೆ ಮೀನು ತಾ."

ಮಾವ ನಗಲಿಲ್ಲ. ಕುರ್ಚಿ ಎಳೆದು ಕೂತರು. ಅವರ ಅಕ್ಕನ ಮಗ ಶಾಹುಲ್ ಹಮೀದ್ ದಮ್ಮಾಮಿನಲ್ಲಿ ಅದೇ ಹೋಟೆಲನ್ನು ಈಗ ವಹಿಸಿಕೊಂಡಿದ್ದನಂತೆ. ಸೂಪರ್‌ವೈಸರ್ ವೀಸಾ ಒಂದು ನನ್ನ ಹೆಸರಿಗೆ ಇಟ್ಟಿದ್ದಾನಂತೆ. ರಂಜಾನಿಗೆ ಮೊದಲು ಪಾಸ್‌ಪೋರ್ಟ್ ಕೊಡಬೇಕು.

"ಹೆರಿಗೆ ಆಗುವ ಮೊದಲೇ ಹೋಗುವುದಾ ಮಾವ?"

"ಹೆರುವುದು ಅವಳು. ನಿನಗೆ ಅಲ್ಲಿ ಎಂತ ಕೆಲಸ?"

ಅಂದು ಊಟದ ನಂತರ ಮಿಸ್ರಿಯಾ ಬಾಗಿಲು ಹಾಕಿ ಕೂತಳು. "ನೀವು ಹೋಗುವುದು ನನಗೆ ಬೇಡ," ಎಂದಳು. "ಉಪ್ಪ ದಮ್ಮಾಮಿನಿಂದ ಬಂದು ನಾನು ಅವರನ್ನು ಮೊದಲ ಸಲ ನೋಡುವಾಗ ನನಗೆ ಮೂರು ವರ್ಷ ಅಂತೆ. ಒಳಗೆ ಓಡಿ ಹೋಗಿ 'ಉಮ್ಮಾ, ಯಾರೋ ಬಂದಿದ್ದಾರೆ, ಚಾ ಕೊಡು' ಅಂದಿದ್ದೆ ಅಂತೆ. ಎಲ್ಲರೂ ಅದನ್ನು ತಮಾಷೆ ಅಂತ ಈಗಲೂ ಹೇಳ್ತಾರೆ. ಅದಕ್ಕೆ ಉಪ್ಪ ನಗುವುದನ್ನು ಮಾತ್ರ ನಾನು ನೋಡ್ಲಿಲ್ಲ."

ಮರುದಿನ ಮಾವನ ಎದುರು ನಿಂತು ಎದೆ ತಟ್ಟಿಕೊಂಡೆ. ಇಡೀ ಲೋಕದಲ್ಲಿ ನಾನು ಮೊದಲನೆಯವ ಎಂದೆ. ಲೋಕದಲ್ಲಿ ಮೊದಲನೆಯವನಾದವನು ದಮ್ಮಾಮಿನಲ್ಲಿ ಸೂಪರ್‌ವೈಸರ್ ಆಗುವುದು ದೇಶಕ್ಕೇ ನಷ್ಟ ಎಂದೂ ಹೇಳಿದೆ. ಮಾವ ಹಲ್ಲಿಗೆ ಕಡ್ಡಿ ಹಾಕುತ್ತಾ ಪೂರ್ತಿ ಕೇಳಿದರು.

"ಆ ಡಬ್ಬಿಯಿಂದ ಒಂದು ಸಾಮಾನು ಮಾರು. ಅದು ಪಾರ್ಟಿಯ ಕೈಗೆ ಮುಟ್ಟಿ ಅವರು ಸಹಿ ಹಾಕುವುದನ್ನು ನನ್ನ ಕಣ್ಣಿಗೆ ತೋರಿಸು. ವೀಸಾ ಬೇಡ ಅಂತ ಶಾಹುಲನಿಗೆ ನಾನೇ ಹೇಳ್ತೇನೆ. ಇಲ್ಲದಿದ್ರೆ ಪಾಸ್‌ಪೋರ್ಟ್ ತೆಗಿ."

ಆಮೇಲಿನ ದಿನಗಳಲ್ಲಿ ನಾನು ಬರೆದ ರಭಸಕ್ಕೆ ಕೀಬೋರ್ಡಿನಿಂದ ಹೊಗೆ ಎದ್ದಿತು. ಕೊನೆಗೂ ಒಂದು ಮಿಂಚಂಚೆ ಬಂತು. ಶಾರ್ಜಾದ ಗ್ಯಾರೇಜಿನಲ್ಲಿ ಕೆಲಸ ಮಾಡುವ, ಮುಂಡಾಜೆಯ ಜಯಪ್ರಕಾಶ್ ಎಂಬವನದು. ತಾಯಿ ಪೂವಮ್ಮನಿಗೆಂದು ಗ್ರೈಂಡರಿಗೆ ದುಡ್ಡು ಕಟ್ಟಿದ್ದ. 'ನೀವು ಹನ್ನೆರಡು ವರ್ಷದ ಅನುಭವದವರು. ಹೇಗೆ ಉಪಯೋಗಿಸುವುದು ಅಂತ ನಮ್ಮ ಅಮ್ಮನಿಗೆ ಸ್ವಲ್ಪ ಹೇಳಿಕೊಡಿ' ಎಂದೂ ಬರೆದಿದ್ದ. ನಾನು ಮೊದಲ ಸಾಲು ಓದಿಯೇ ಅಂಗಳಕ್ಕೆ ಓಡಿ ಕೂಗಿದ್ದರಿಂದ ಎರಡನೆಯ ಸಾಲು ಸರಿಯಾಗಿ ತಲೆಗೆ ಹೋಗಲಿಲ್ಲ.

ಗ್ರೈಂಡರ್ ಚೆನ್ನೈಯಿಂದ ಮೂಡುಬಿದಿರೆಯವರೆಗೆ ಬಂದು ಅಲ್ಲಿ ಕೂತುಬಿಟ್ಟಿತು. ಕೊರಿಯರ್ ಆಫೀಸಿನವರು ಫೋನಿನಲ್ಲಿ, "ಮುಂಡಾಜೆಗೆಲ್ಲ ನಮ್ಮ ಸರ್ವಿಸ್ ಇಲ್ಲ. ನಾಡಿದ್ದು ವಾಪಸು ಕಳಿಸ್ತೇವೆ," ಎಂದರು. ವಾಪಸು ಹೋದರೆ ಮಾರಾಟವೇ ರದ್ದು. ನಾನು ಮಾವನ ಮುಖ ನೋಡಿದೆ. ಮಾವ ತಮ್ಮ ಮಾರುತಿ ಓಮ್ನಿಯ ಕೀಲಿ ತೆಗೆದರು. "ನಿನ್ನ ಆನ್‌ಲೈನಿಗೆ ಪೆಟ್ರೋಲ್ ಸಹ ಬೇಕಾ ಮಾರಾಯ?" ಎಂದರು.

ಮೂಡುಬಿದಿರೆಯಲ್ಲಿ ರಟ್ಟಿನ ಪೆಟ್ಟಿಗೆ ಹೇರಿಕೊಂಡು, ಸಹಿ ಹಾಕಿಸುವ ಚೀಟಿ ಜೇಬಿನಲ್ಲಿಟ್ಟುಕೊಂಡು, ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಮುಂಡಾಜೆಗೆ ಹೋದೆವು. ಪೂವಮ್ಮನ ಗಂಡ ಹುಕ್ರಪ್ಪ ತೋಟದಿಂದ ಬಂದು ಪೆಟ್ಟಿಗೆಗೆ ಕೈ ಕೊಟ್ಟರು. ಮೂವರೂ ಏದುಸಿರು ಬಿಡುತ್ತಾ ಮೆಟ್ಟಿಲ ಹತ್ತಿರ ಬಂದಾಗ ಬಾಗಿಲಲ್ಲಿ ನಿಂತಿದ್ದ ಪೂವಮ್ಮ ಕೈ ಅಡ್ಡ ಹಿಡಿದರು.

"ಅಲ್ಲೇ ನಿಲ್ಲಿ. ಎಂತದು ಅದು?"

"ನಿಮ್ಮ ಮಗ ಕಳಿಸಿದ ಗ್ರೈಂಡರ್ ಅಮ್ಮ. ಹೊಚ್ಚ ಹೊಸತು! ಸೀಲ್ ಸಹ ಒಡೆದಿಲ್ಲ," ಎಂದೆ ನಾನು, ಊರಿಗೆಲ್ಲ ಕೇಳುವ ಹಾಗೆ.

"ಹಾಗಾದ್ರೆ ತಕ್ಕೊಂಡು ಹೋಗಿ. ಆಟಿಯಲ್ಲಿ ಯಾರಾದ್ರೂ ಹೊಸ ಸಾಮಾನು ಒಳಗೆ ತರ್ತಾರಾ?"

ಪೆಟ್ಟಿಗೆ ನನ್ನ ಕಾಲಿನ ಮೇಲೆ ಬೀಳಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು. ಆಟಿ ತಿಂಗಳು! ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸದೇನೂ ಹೊಸ್ತಿಲು ದಾಟುವುದಿಲ್ಲ. ತುಳುನಾಡಿನ ಸಣ್ಣ ಮಕ್ಕಳಿಗೂ ಗೊತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಬಿಳಿಯ ಮೇಲೆ ಬಿಳಿಯಲ್ಲಿ ಬರೆದ ಮಹಾನುಭಾವನಿಗೆ ಕ್ಯಾಲೆಂಡರ್ ನೋಡುವುದು ಹೊಳೆದಿರಲಿಲ್ಲ.

"ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ಮೇಲೆ ತನ್ನಿ, ಬೇಡ ಅಂತ ಹೇಳುದಿಲ್ಲ," ಎಂದರು ಪೂವಮ್ಮ.

"ಅಷ್ಟರಲ್ಲಿ ಇದು ಚೆನ್ನೈಗೆ ಹೋಗಿ ಆಗಿರ್ತದೆ ಅಮ್ಮ. ಬರೇ ಒಂದು ಸಹಿ ಹಾಕಿ, ಸಾಮಾನು ನಾನೇ ಇಟ್ಕೊಳ್ತೇನೆ."

"ಸಹಿ ಹಾಕಿದ್ರೆ ತಕ್ಕೊಂಡ ಹಾಗೇ ಅಲ್ವಾ? ನನಗೆ ಅಷ್ಟು ಗೊತ್ತಾಗುದಿಲ್ವಾ?"

ಮಾವನ ದೃಷ್ಟಿ ನನ್ನ ಜೇಬಿನ ಮೇಲಿತ್ತು. ಪಾಸ್‌ಪೋರ್ಟ್ ಅಲ್ಲೇ ಇರುವ ಹಾಗೆ. ಬೇರೆ ಯಾವ ಬಡಾಯಿಯೂ ಬಾಯಿಗೆ ಬಾರದೆ ನಾನು ಇದ್ದದ್ದನ್ನೇ ಹೇಳಿಬಿಟ್ಟೆ. ಹೆಂಡತಿಗೆ ಏಳು ತಿಂಗಳು, ಸಹಿ ಬೀಳದಿದ್ದರೆ ನಾನು ದಮ್ಮಾಮಿಗೆ, ಮಗು ನನ್ನನ್ನು ನೋಡುವುದು ಯಾವಾಗಲೋ.

ಪೂವಮ್ಮ ಸೆರಗು ಸಿಕ್ಕಿಸಿ ಮಾವನ ಕಡೆ ತಿರುಗಿದರು. "ಎಂತ ಸಾಹೇಬ್ರೇ, ಬಸುರಿಯ ಗಂಡನನ್ನು ಓಡಿಸ್ಲಿಕ್ಕೆ ನಿಮಗೆ ಅಷ್ಟು ಅವಸರವಾ?"

ಮಾವ ಕೆಮ್ಮಿದರು.

"ಹೊಸತು ಒಳಗೆ ಬರಬಾರದು, ಸರಿ," ಎಂದರು ಪೂವಮ್ಮ. "ಹಳತು ಬರಬಹುದು. ಪಂಪ್ ಶೆಡ್ಡಿನಲ್ಲಿ ಕರೆಂಟ್ ಉಂಟು. ಅದು ಮನೆ ಅಲ್ಲ. ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿದ್ದೇನೆ. ಅಲ್ಲಿ ಒಮ್ಮೆ ಕಡೆದು ಕೊಡಿ. ಒಮ್ಮೆ ಕಡೆದದ್ದು ಮತ್ತೆ ಎಂತ ಹೊಸತು? ಹೇಗೂ ನೀವು ಹನ್ನೆರಡು ವರ್ಷ ಕಡೆದವರಂತೆ, ಮಗ ಫೋನಿನಲ್ಲಿ ಹೇಳಿದ್ದಾನೆ."

ಪಂಪ್ ಶೆಡ್ಡಿನಲ್ಲಿ ಏನಾಯಿತು ಎಂದು ಚುಟುಕಾಗಿ ಹೇಳುತ್ತೇನೆ. ಗೌರವದ ಪ್ರಶ್ನೆ. ಪಾತ್ರೆಯಲ್ಲಿದ್ದ ಅಕ್ಕಿಯನ್ನೆಲ್ಲ ಒಟ್ಟಿಗೆ ಸುರಿದು ಸ್ವಿಚ್ ಹಾಕಿದೆ. ಕಲ್ಲು ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ ಒಮ್ಮೆ ಘರ್ರ್ ಅಂದು ನಿಂತಿತು. ಬೆಲ್ಟು ಕಿರುಚಿತು. "ಇದು ಹೀಗೆಯೇ, ಮೊದಲು ಸ್ವಲ್ಪ ನಾಚ್ತದೆ," ಎಂದು ಹೇಳಿ ಒಂದು ಕೊಡ ನೀರು ಹೊಯ್ದೆ. ಆಗ ಅದರ ನಾಚಿಕೆ ಬಿಟ್ಟಿತು. ಚಾರ್ಮಾಡಿ ಘಾಟಿಯ ಜಲಪಾತಗಳನ್ನೆಲ್ಲ ನೀವು ನೋಡಿರಬಹುದು, ಅವು ಮೇಲಿನಿಂದ ಕೆಳಗೆ ಬೀಳುತ್ತವೆ. ಇದು ಕೆಳಗಿನಿಂದ ಮೇಲೆ ಹೋಯಿತು. ನನ್ನ ತಲೆ, ಹುಕ್ರಪ್ಪನವರ ಮೀಸೆ, ಪಂಪಿನ ಮೀಟರ್, ಎಲ್ಲ ಬೆಳ್ಳಗೆ.

"ಹನ್ನೆರಡು ವರ್ಷ ಹೀಗೆಯೇ ಕಡೆದದ್ದಾ?" ಎಂದು ಹುಕ್ರಪ್ಪ ಮೀಸೆ ಒರೆಸಿಕೊಂಡು ಬಹಳ ಸಮಾಧಾನದಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲು ಮಾವ ಸ್ವಿಚ್ ಆರಿಸಿದರು. ವಾಚು ಬಿಚ್ಚಿ ಜೇಬಿಗೆ ಹಾಕಿದರು. ಆ ಬಿಳಿ ಅಂಗಿಯ ತೋಳನ್ನು ಮೊಣಕೈಯಿಂದ ಮೇಲೆ ಮಡಚಿದರು. ಅಳಿಯನಾಗಿ ನಾನು ಆ ಮೊಣಕೈ ನೋಡಿದ್ದು ಅದೇ ಮೊದಲು. ಅಕ್ಕಿಯನ್ನು ಪಾತ್ರೆಗೆ ಬಾಚಿ ತೆಗೆದು, ಕಲ್ಲು ತೊಳೆದು, ತಿರುಪು ಬಿಗಿದು, ಯಂತ್ರ ಶುರುಮಾಡಿ, ಓಡುತ್ತಿರುವ ಕಲ್ಲಿನ ಮೇಲೆ ಹಿಡಿ ಹಿಡಿ ಅಕ್ಕಿ, ಅಂಗೈಯಿಂದ ನೀರು. ಕಣ್ಣು ಯಂತ್ರದ ಕಡೆ ಇರಲೇ ಇಲ್ಲ. ಕಿವಿ ಮಾತ್ರ ಇತ್ತು. ಸದ್ದು ಬದಲಾದ ಕೂಡಲೇ ನಿಲ್ಲಿಸಿ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ಪೂವಮ್ಮನಿಗೆ ತೋರಿಸಿದರು.

"ದೋಸೆಗೆ ಇಷ್ಟು ಸಾಕು ಅಕ್ಕ. ಇಡ್ಲಿಗಾದ್ರೆ ಸ್ವಲ್ಪ ತರಿ ಇರುವಾಗ ನಿಲ್ಲಿಸಿ."

ಪೂವಮ್ಮ ಹಿಟ್ಟು ಮುಟ್ಟಿ ನೋಡಿದರು. "ಸಾಹೇಬ್ರೇ, ನಿಮ್ಮದು ಹೋಟೆಲ್ ಉಂಟಾ?"

"ಇಲ್ಲ ಅಕ್ಕ. ಸಹಿ ಹಾಕಿ."

ಹಳೆಯ ಗ್ರೈಂಡರಿಗೆ ಪೂವಮ್ಮ ಸಹಿ ಹಾಕಿದರು.

ವಾಪಸು ಬರುವಾಗ ಬೆಳ್ತಂಗಡಿ ದಾಟಿದ ಮೇಲೆ ಓಮ್ನಿಯಲ್ಲಿ ನಾನೇ ಕೇಳಿದೆ.

"ಮಾವ, ನೀವು ದಮ್ಮಾಮಿನಲ್ಲಿ ಮ್ಯಾನೇಜರ್ ಅಲ್ವಾ?"

"ಮ್ಯಾನೇಜರೇ. ನನ್ನ ಕೆಳಗೆ ನಾಲ್ಕು ಗ್ರೈಂಡರ್ ಇದ್ದವು."

ನಾನು ಕಿಟಕಿಯ ಹೊರಗೆ ನೋಡಿದೆ. ನಗಬಾರದ ಜಾಗ ಎಂದು ನನ್ನಂಥವನಿಗೂ ಗೊತ್ತಾಯಿತು.

"ಶಾಹುಲನ ಸೂಪರ್‌ವೈಸರ್ ವೀಸಾ?"

"ಅದೇ ಅಡಿಗೆಕೋಣೆ. ಗ್ರೈಂಡರ್ ಈಗ ಆರು ಆಗಿರಬಹುದು." ಗೇರು ಬದಲಿಸಿದರು. "ಮನೆಯಲ್ಲಿ ಬಾಯಿ ಬಿಡಬೇಡ."

ನಾನು ಬಿಡಲಿಲ್ಲ. ಈಗ ಅವರೇ ಮದುವೆಯ ಚಪ್ಪರಗಳಲ್ಲಿ ಅದನ್ನು ದೊಡ್ಡ ಕಥೆ ಮಾಡಿ ಹೇಳಿಕೊಂಡು ತಿರುಗುವುದರಿಂದ ಬರೆಯುತ್ತಿದ್ದೇನೆ. ಅವರ ಕಥೆಯಲ್ಲಿ ಗ್ರೈಂಡರ್ ಈಗ ನಲವತ್ತು.

ಮನೆಯ ಬಾಗಿಲಲ್ಲಿ ಮಿಸ್ರಿಯಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಎಂತಾಯ್ತು ಉಪ್ಪ?"

"ನಿನ್ನ ಗಂಡನ ಕೈ ನೋಡಬೇಕಿತ್ತು ಮೋಳೇ," ಎಂದರು ಮಾವ, ಮಗಳ ತಲೆ ಸವರಿ. "ಬೆಣ್ಣೆಯ ಹಾಗೆ ಹಿಟ್ಟು! ಮುಂಡಾಜೆ ಇಡೀ ನೋಡ್ಲಿಕ್ಕೆ ಬಂದಿತ್ತು. ನಾನು ಸುಮ್ಮನೆ ಮೂಲೆಯಲ್ಲಿ ನಿಂತಿದ್ದೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮತ್ತೆ ಇವರ ತಲೆಯಲ್ಲಿ ಎಂತದು?"

"ಜನ ಪ್ರೀತಿಯಿಂದ ಹಾಕಿದ್ದು."

ಹಾಗೆಂದವರೇ ಒಳಗೆ ಹೋಗಿ ದಮ್ಮಾಮಿಗೆ ಫೋನ್ ತಿರುಗಿಸಿದರು. "ಶಾಹುಲಾ, ಆ ವೀಸಾ ಬೇರೆ ಯಾರಿಗಾದ್ರೂ ಕೊಡು. ನಮ್ಮ ಹುಡುಗನಿಗೆ ಪುರುಸೊತ್ತಿಲ್ಲ. ಹೌದು ಹೌದು, ಕಂಪ್ಯೂಟರಿನಲ್ಲಿ. ಲೋಕಕ್ಕೇ ಮೊದಲು ಅಂತೆ." ಮೂವತ್ತು ವರ್ಷ ಬಡಾಯಿ ಕೊಚ್ಚಿಕೊಂಡೇ ಬದುಕಿದ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ನನ್ನ ಗುರುವಿನ ಮನೆಯಲ್ಲೇ ನಾನು ಊಟ ಮಾಡುತ್ತಿದ್ದದ್ದು ಆ ತನಕ ತಿಳಿದಿರಲಿಲ್ಲ.

ಕಮಿಷನ್ ಒಂದು ಮೊತ್ತ ಮುಟ್ಟಿದ ಮೇಲಷ್ಟೇ ಚೆಕ್ ಕಳಿಸುವುದು ಎಂದು ಕಂಪೆನಿಯವರು ಬರೆದರು. ಅದು ಮುಟ್ಟುವ ಮೊದಲೇ ಕಂಪೆನಿ ಮುಚ್ಚಿತು. ಬಿಳಿಯ ಮೇಲೆ ಬಿಳಿ ಬರೆದದ್ದು ಹುಡುಕುವ ಯಂತ್ರಕ್ಕೂ ಗೊತ್ತಾಗಿ ನನ್ನನ್ನು ಪಟ್ಟಿಯಿಂದಲೇ ಕಿತ್ತುಹಾಕಿತು. ಜಲ್ಲಿ ಪುಡಿ ಮಾಡುವವರು ಮೊದಲ ಸ್ಥಾನಕ್ಕೆ ಬಂದರು. ಬರಲಿ, ಅವರಿಗೂ ಹೆಂಡತಿ ಮಕ್ಕಳು ಇರುತ್ತಾರೆ.

ಬಂಟ್ವಾಳದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಾಗ ನರ್ಸಿನ ಕೈಯಿಂದ ಮೊದಲು ಎತ್ತಿಕೊಂಡವನು ನಾನು. ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿ ನಕ್ಕಳು. ಆಗತಾನೆ ಹುಟ್ಟಿದ ಮಕ್ಕಳು ನಗುವುದಿಲ್ಲ ಎಂದು ನರ್ಸ್ ಹೇಳಿದರು. ಮಾವ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ನಕ್ಕದ್ದು ನಾನೂ ನೋಡಿದ್ದೇನೆ," ಎಂದರು.