ಉದ್ದವ್ವನಿಗೆ ಮಲಗಬೇಕಿತ್ತು

ನನ್ನ ಪೇಟಿಯ ಮೇಲೆ ಕೈಯಿಟ್ಟು ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪೇಟಿಯ ಒಂದು ಸ್ವರ ಕೆಟ್ಟಿದೆ, ಅದು ಬೇರೆ ಮಾತು.

ಗೋಕಾಕದ ಗುರುಲಿಂಗಪ್ಪನ ನಾಟಕ ಕಂಪನಿಯಲ್ಲಿ ನಾನು ಪೇಟಿ ಬಾರಿಸುತ್ತಿದ್ದೆ, ಉದ್ದವ್ವ ಮುದುಕಿಯ ಪಾರ್ಟು ಮಾಡುತ್ತಿದ್ದಳು. ಘೋಡಗೇರಿಯಿಂದ ಬಂದಾಗ ಅವಳಿಗಿನ್ನೂ ಹರೆಯ. ಮುದುಕಿಯ ಪಾರ್ಟಿನ ಗಂಡಸು ಅದೇ ವಾರ ಮಾಲೀಕನ ಜೊತೆ ಜಗಳವಾಡಿ, ಹಟಕ್ಕೆ ಮೀಸೆ ಬಿಟ್ಟಿದ್ದ. ಗುರುಲಿಂಗಪ್ಪ ಈ ಹುಡುಗಿಯ ತಲೆಗೆ ಬಿಳಿ ಪುಡಿ ಸುರಿದು, ಕೈಗೆ ಕೋಲು ಕೊಟ್ಟು, "ಬಾಗು" ಎಂದ. ಬಾಗಿದಳು. ನೆಟ್ಟಗಾಗು ಎಂದು ಹೇಳುವುದು ಆಮೇಲೆ ಯಾರಿಗೂ ನೆನಪಾಗಲಿಲ್ಲ.

ಕಂಪನಿಯಲ್ಲಿ ಕುರ್ಚಿ ಇದ್ದದ್ದೇ ಎರಡು. ಒಂದು ರಂಗದ ಮೇಲಿನ ರಾಜನಿಗೆ, ಇನ್ನೊಂದು ಬಾಗಿಲಲ್ಲಿ ಟಿಕೀಟು ಹರಿಯುವ ಗುರುಲಿಂಗಪ್ಪನಿಗೆ. ಮುದುಕಿಯಾದವಳು ನಿಂತೇ ಬೀಸಬೇಕು, ನಿಂತೇ ಬೈಯಬೇಕು, ನಿಂತೇ ಅಳಬೇಕು. ಊರಿಂದ ಊರಿಗೆ ಹೋಗುವಾಗಲೂ ಚಕ್ಕಡಿಯಲ್ಲಿ ಪರದೆಗಳು ಮಲಗುತ್ತಿದ್ದವು, ನಾವು ಕೂತಿರುತ್ತಿದ್ದೆವು. ಹುಕ್ಕೇರಿಯ ಒಂದು ಆಟದಲ್ಲಿ ಉದ್ದವ್ವ ನಿಂತಲ್ಲೇ ನಿದ್ದೆ ಹೋಗಿ, ನಿದ್ದೆಯಲ್ಲೇ ಸೊಸೆಯನ್ನು ಅಚ್ಚುಕಟ್ಟಾಗಿ ಬೈದು ಮುಗಿಸಿ, ಜನರ ಚಪ್ಪಾಳೆಗೆ ಎಚ್ಚರಾದಳು.

"ಕರೆಪ್ಪಣ್ಣ, ನನಗ ರಾಣಿ ಪಾರ್ಟ್ ಬ್ಯಾಡೋ," ಎಂದು ನನ್ನ ಮುಂದೆ ಹೇಳಿಕೊಳ್ಳುತ್ತಿದ್ದಳು. "ಒಂದ್ಸಲ ಅಡ್ಡಾಗೂ ಪಾರ್ಟ್ ಬಂದ್ರ ಸಾಕು."

ಕಡೆಗೆ ಅಂಥದೊಂದು ಬಂತು. ಧಾರವಾಡದ ಮಾಸ್ತರರೊಬ್ಬರು ಬರೆದುಕೊಟ್ಟ ನಾಟಕ. ಮೂರನೆಯ ಅಂಕದಲ್ಲಿ ತಾಯಿ ಹೊರಸಿನ ಮೇಲೆ, ಅಂದರೆ ಹಗ್ಗದ ಮಂಚದ ಮೇಲೆ, ಮಲಗಿ ಸಾಯುತ್ತಾಳೆ. ಮಗ ಅವಳ ಮುಂದೆ ಕೂತು ಹಾಡಿನ ಮೇಲೆ ಹಾಡು ಹಾಡುತ್ತಾನೆ. ಉದ್ದವ್ವ ಕೇಳಿದ್ದು ಒಂದೇ ಮಾತು: "ಹಾಡು ಉದ್ದ ಅದಾವೇನ?"

ಮೊದಲ ಆಟ ಕೌಜಲಗಿಯಲ್ಲಿ. ಉದ್ದವ್ವ ಸತ್ತಳು. ಅಷ್ಟು ಖುಷಿಯಿಂದ ಸತ್ತವರನ್ನು ನಾನು ಕಂಡಿಲ್ಲ. ಮಗ ಹಾಡಲು ಬಾಯಿ ತೆರೆದ, ನಾನು ಸ್ವರ ಹಿಡಿದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಊರ ಹಿರಿಯ ವೀರಪ್ಪ ಎದ್ದು ನಿಂತ.

"ಏ ಗುರುಲಿಂಗಪ್ಪಾ! ಮುದುಕಿ ಜೀವ ಹೋಗಿ ಎಷ್ಟೊತ್ತಾತು, ಇನ್ನೂ ಅಡ್ಡ ಕೆಡವೀಯಲ್ಲ? ಕೊಳ್ಳಾಗ ಲಿಂಗ ಕಟ್ಟಿದಾಕಿನ್ನ ಹಿಂಗ ಮಲಗಸ್ತಾರೇನೋ?"

ಅವನದೇನೂ ತಪ್ಪಿರಲಿಲ್ಲ. ನಮ್ಮ ಕಡೆ ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತಾರೆ, ಹಣೆಗೆ ವಿಭೂತಿ ಹಚ್ಚಿ ಮುಂದೆ ಭಜನೆ ಮಾಡುತ್ತಾರೆ, ಕೂತಂತೆಯೇ ಮಣ್ಣಿಗೂ ಇಡುತ್ತಾರೆ. ನಾಟಕ ಬರೆದ ಮಾಸ್ತರರಿಗೆ ಇದು ಹೊಳೆದಿರಲಿಲ್ಲ.

"ನಾಟಕರೀ ಯಜಮಾನ್ರ," ಎಂದ ಗುರುಲಿಂಗಪ್ಪ.

"ನಾಟಕಾದ್ರೇನು, ಸತ್ತಾಳೋ ಇಲ್ಲೋ?"

"ಸತ್ತಾಳ್ರಿ."

"ಹಂಗಾರ ಕುಂದ್ರಸು."

ಅವನು ಕೂಡಿಸುವ ತನಕ ಜನ ಕಾಯಲಿಲ್ಲ. ತಾವೇ ರಂಗಕ್ಕೆ ಹತ್ತಿದರು. ಉದ್ದವ್ವನನ್ನು ಎತ್ತಿ ಪರದೆಯ ಕಂಬಕ್ಕೆ ಆನಿಸಿದರು, ಒಬ್ಬನ ರುಮಾಲು ಬಿಚ್ಚಿ ಜಾರದ ಹಾಗೆ ಕಟ್ಟಿದರು. ತಾಳ, ದಿಮ್ಮು ಬಂದವು. ಕೌಜಲಗಿಯ ಭಜನಾ ಮೇಳ ಕೂತೇಬಿಟ್ಟಿತು. ಹೆಂಗಸರು ಬಂದು ಎದೆ ಬಡಿದುಕೊಂಡು ಅತ್ತರು. ನಾನು ಪೇಟಿ ಎತ್ತಿಕೊಂಡು ಹತ್ತಿರ ಸರಿದಾಗ ಹೆಣ ತುಟಿ ಅಲುಗಿಸದೆ ಹೇಳಿತು:

"ಕರೆಪ್ಪಣ್ಣ, ಸೊಂಟ ಹೋತೋ."

ಆಮೇಲೆ ಆ ನಾಟಕದ ಹೆಸರು ಊರೂರಿಗೆ ಹಬ್ಬಿತು. ಮೂಡಲಗಿಯವರು ಕೌಜಲಗಿಗಿಂತ ದೊಡ್ಡ ಮೇಳ ತಂದರು. ಅವರ ಭಜನೆ ಮುಗಿದು ಉದ್ದವ್ವನ ಕಟ್ಟು ಬಿಚ್ಚುವಷ್ಟರಲ್ಲಿ ಊರ ದನ ಮೇಯಲು ಹೊರಟಿದ್ದವು. ಹುಕ್ಕೇರಿಯಲ್ಲಿ ಕಾಶೆವ್ವ ಎಂಬ ಮುದುಕಿ ಹೆಣದ ಕೊರಳಿಗೆ ಹೂವಿನ ಸರ ಹಾಕಿ, ಕಿವಿಯ ಹತ್ತಿರ ಬಾಗಿದಳು.

"ಯವ್ವಾ, ನಮ್ಮನಿಯವರು ಅಲ್ಲಿ ಸಿಕ್ರ, ಕೆಂದೆತ್ತು ಮಾರೀವಿ ಅಂತ ಹೇಳು. ಬೈಬ್ಯಾಡಂತನೂ ಹೇಳು."

"ಹೇಳ್ತೇನೇಳವಾ," ಎಂದಳು ಉದ್ದವ್ವ.

ಕಾಶೆವ್ವ ಬೆಚ್ಚಲಿಲ್ಲ. ಸಮಾಧಾನವಾಗಿ ಕಣ್ಣೊರೆಸಿಕೊಂಡು ಮನೆಗೆ ಹೋದಳು.

ಹೀಗೆ ಉದ್ದವ್ವ ವರ್ಷಗಟ್ಟಲೆ ಸತ್ತು ಸತ್ತು ಕೂತಳು. ಮೊದಲು ನಿಂತು ದಣಿಯುತ್ತಿದ್ದಳು, ಈಗ ಕೂತು ದಣಿದಳು. ಮುಖಕ್ಕೆ ಗೆರೆ ಬರೆಯುವ ಕೆಲಸವನ್ನು ಬಣ್ಣದವನು ಎಂದೋ ಬಿಟ್ಟಿದ್ದ.

ಯುದ್ಧ ಶುರುವಾಗುವ ಹೊತ್ತಿಗೆ ಕೊಲ್ಹಾಪುರದಿಂದ ಸಿನಿಮಾದ ಡೈರೆಕ್ಟರ ಸಾಹೇಬರೊಬ್ಬರು ಬಂದರು. ಅವರ ಚಿತ್ರಕ್ಕೆ ಸಾಯುವ ತಾಯಿ ಬೇಕಾಗಿತ್ತು. ಉದ್ದವ್ವನ ಹೆಸರು ಕೇಳಿಯೇ ಬಂದಿದ್ದರು. ಪಗಾರ ಹೇಳಿದರು, ಮೋಟಾರು ಕಳಿಸುತ್ತೇವೆ ಎಂದರು. ಅವಳು ಅದಕ್ಕೆಲ್ಲ ಕಿವಿಗೊಡಲಿಲ್ಲ.

"ಸಾಹೇಬ್ರ, ನಿಮ್ಮ ಸಿನಿಮಾದಾಗ ಸತ್ತವರು ಕುಂದರ್ತಾರೋ, ಮಲಗ್ತಾರೋ?"

ಸಾಹೇಬರು ನನ್ನ ಮುಖ ನೋಡಿದರು. "ಮಲಗ್ತಾರ, ಉದ್ದವ್ವಬಾಯಿ. ಸತ್ತವರು ಮತ್ತೇನ ಮಾಡ್ತಾರ?"

"ಗಾದಿ ಇರತೈತೇನ್ರಿ?"

"ಇರತೈತಿ."

"ಬರ್ತೇನಿ."

ನಾನೂ ಜೊತೆಗೆ ಹೋದೆ. ಒಳ್ಳೆ ಹತ್ತಿಯ ಗಾದಿ, ತಲೆದಿಂಬು. ದೀಪಗಳ ಕಾವಿಗೆ ಬೇರೆಯವರು ಬೆವರಿ ಸೋತುಹೋಗಿದ್ದರು. ಉದ್ದವ್ವ ಕಾಲು ಚಾಚಿ, ಒಂದು ಉಸಿರು ಬಿಟ್ಟು ಸತ್ತಳು. ಸಾಹೇಬರು ಕಣ್ಣೀರು ಒರೆಸಿಕೊಂಡು "ಶಾಬಾಸ್" ಎಂದರು. ಆದರೆ ಅವಳು ಏಳಲಿಲ್ಲ. ಅಲುಗಿಸಿದರು, ನೀರು ಚಿಮುಕಿಸಿದರು, ಕಿವಿಯಲ್ಲಿ ತುತ್ತೂರಿ ಊದಿಸಿದರು. ಗೊರಕೆಯ ಧಾಟಿ ಬದಲಾಯಿತು, ಅಷ್ಟೇ. ಹೊರಸು ಸಮೇತ ಹೊರಗೆ ಒಯ್ಯೋಣವೆಂದರೆ ಸೆಟ್ಟಿನ ಬಾಗಿಲು ಸಣ್ಣದು. ಕಡೆಗೆ ಅವಳ ಮೇಲೆ ಜರಿಯ ಶಾಲು ಹೊದಿಸಿ, ಬಾಜೂಕೆ ಮಂಟಪ ಹಾಕಿ, ಮಗನ ಮದುವೆಯ ದೃಶ್ಯ ತೆಗೆದರು. ಆ ಚಿತ್ರದಲ್ಲಿ ಅಕ್ಕಿಕಾಳು ಬೀಳುವಾಗ ಎಡಗಡೆ ಒಂದು ದಿಬ್ಬ ಏರಿ ಇಳಿಯುವುದು ಕಾಣುತ್ತದೆ. ಅದು ಉದ್ದವ್ವ.

ಮರುದಿನ ಎದ್ದು, ಚಹಾ ಕುಡಿದು, "ನಾ ಸತ್ತದ್ದು ಬರೋಬರಿ ಆತೇನ್ರಿ?" ಎಂದು ಕೇಳಿದಳು.

ತಿರುಗಿ ಬರುವಾಗ ಮೋಟಾರಿನಲ್ಲಿ ಅವಳ ಮುಖದ ಗೆರೆ ಸ್ವಲ್ಪ ಅಳಿಸಿದ ಹಾಗಿತ್ತು. "ಇನ್ನ ನನಗ ಚಿಂತಿಲ್ಲ, ಕರೆಪ್ಪಣ್ಣ. ನಾಟಕ ಆದ್ರ ದಿನಾ ಎಬ್ಬಸ್ತಾರ. ಸಿನಿಮಾದಾಗ ಒಮ್ಮೆ ಮಲಗಿದ್ರ ಮಲಗಿದಂಗ. ನಾ ಎಲ್ಲೇ ನಿಂತಿರ್ಲಿ, ಒಬ್ಬಾಕಿ ಉದ್ದವ್ವ ಆದ್ರೂ ಅಲ್ಲಿ ಅಡ್ಡಾಗಿರ್ತಾಳ."

ಚಿತ್ರ ಗೋಕಾಕದ ಸಿನಿಮಾ ಡೇರೆಗೆ ಬಂತು. ಉದ್ದವ್ವನನ್ನು ಮುಂದೆ ಕೂಡಿಸಿದರು. ಕೌಜಲಗಿಯಿಂದ ವೀರಪ್ಪನೂ ಚಕ್ಕಡಿ ಕಟ್ಟಿಕೊಂಡು ಬಂದಿದ್ದ. ತಾಯಿ ಸತ್ತಳು. ವೀರಪ್ಪ ಎದ್ದ.

"ಮತ್ತ ಮಲಗಸ್ಯಾರಲ್ಲೋ! ಕುಂದ್ರಸ್ರೋ!"

ಯಂತ್ರ ನಡೆಸುವ ಯಲ್ಲಪ್ಪ ಕೈಮುಗಿದ. "ಯಜಮಾನ್ರ, ಅದು ಬರೇ ಬೆಳಕರಿ. ಬೆಳಕಿನ್ನ ಹೆಂಗ ಕುಂದ್ರಸ್ಲಿ?"

ವೀರಪ್ಪ ಯಂತ್ರವನ್ನು ಸುತ್ತು ಹಾಕಿ ನೋಡಿದ. "ಇದನ್ನ ಒಂದು ಮಗ್ಗಲಿಗೆ ಕೆಡವು."

ಗಟ್ಟಿ ಆಳುಗಳು ಬಂದು ಯಂತ್ರವನ್ನು ಮಗ್ಗುಲಿಗೆ ಹೊರಳಿಸಿ, ಜೋಳದ ಚೀಲ ಒತ್ತುಕೊಟ್ಟು ಹಿಡಿದರು. ಪರದೆಯ ಮೇಲೆ ಉದ್ದವ್ವ ನಿಧಾನವಾಗಿ ಎದ್ದು, ಗಾದಿಗೆ ಬೆನ್ನು ಆನಿಸಿ ನೆಟ್ಟಗಾದಳು. ಅಳುತ್ತಿದ್ದ ಮಗ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡ. ಅದಕ್ಕೆ ಯಾರದೂ ತಕರಾರಿರಲಿಲ್ಲ. ಡೇರೆಯಲ್ಲಿ ತಾಳ ಕೇಳಿಸಿದವು.

ನಾನು ಉದ್ದವ್ವನ ಕಡೆ ನೋಡಿದೆ. ಅವಳು ಪರದೆ ನೋಡುತ್ತ, ಕುಳಿತಲ್ಲೇ ಸೊಂಟ ಒತ್ತಿಕೊಳ್ಳುತ್ತಿದ್ದಳು.

"ಅಲ್ಲೂ ಬಿಡಲಿಲ್ಲ," ಎಂದಳು, ಅಷ್ಟೇ. ಮರುದಿನ ಘೋಡಗೇರಿಗೆ ಹೊರಟುಹೋದಳು.

ಮೊನ್ನೆ ಗುರುಲಿಂಗಪ್ಪ ನನ್ನ ಕೈಯಲ್ಲಿ ಕರದಂಟು ಕೊಟ್ಟು, ಹೇಗಾದರೂ ಮಾಡಿ ಕರೆದುಕೊಂಡು ಬಾ ಎಂದು ಕಳಿಸಿದ. ಉದ್ದವ್ವ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ನಾನು ಇದನ್ನೆಲ್ಲ ಮೊದಲಿಂದ ಹೇಳಿದೆ, ಅವಳ ಹೆಸರು ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯಲಿ ಎಂದು. ಕರದಂಟು ಜಗಿಯುತ್ತ ಕೇಳಿದಳು.

"ಹೊಸಾ ನಾಟಕದಾಗ ನಾ ಸಾಯ್ತೇನೇನು?"

"ಇಲ್ಲವಾ! ಉಳದವರೆಲ್ಲಾ ಸಾಯ್ತಾರ. ನೀ ಒಬ್ಬಾಕಿನ ನಿಂತು ಅಳಾಕಿ."

ಉದ್ದವ್ವ ಬಾಯಿ ಒರೆಸಿಕೊಂಡು, ಗೋಡೆ ಹಿಡಿದು ಎದ್ದಳು.

"ತಡಿಬೇ, ಕೇಳಿಲ್ಲೆ. ಗುರುಲಿಂಗಪ್ಪ ಮೂರನೇದೊಂದು ಕುರ್ಚಿ ತರಸ್ಯಾನ. ಸಾಗವಾನಿದು. ಅಂಕ ಮುಗದ ಮ್ಯಾಲೆ ಅದರಾಗ ನೀನ—"

ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹೊರಸು ಕಿರ್ರೆಂದಿತು.