ಬಲ ತಿರುಪು

ಮಂಚ ಕಿರುಗುಟ್ಟುತ್ತದೆ ಎಂದು ಹೆಂಡತಿ ಒಂದೇ ಸಮನೆ ತಲೆ ತಿನ್ನುತ್ತಿದ್ದಳು. ಭಾನುವಾರ ಬೆಳಿಗ್ಗೆ ಪ್ರೊಫೆಸರರು ಕೊನೆಗೂ ಸ್ಪ್ಯಾನರ್ ಹಿಡಿದರು. ಮಂಚದಡಿ ಎರಡೂ ತುದಿಗೆ ತಿರುಪಿನ ಗೀರು, ನಟ್ಟು ಇದ್ದ ಉದ್ದನೆಯ ಕಂಬಿ. ಈ ತುದಿಯ ನಟ್ಟನ್ನು ಬಲಕ್ಕೆ ತಿರುಗಿಸಿ ಬಿಗಿ ಮಾಡಿದರು. ಆ ಕಡೆಗೆ ಹೋದ ಮೇಲೆ ಎಲ್ಲ ಉಲ್ಟಾ ತಾನೇ ಎಂದುಕೊಂಡು ಎಡಕ್ಕೆ ತಿರುಗಿಸಿದರು. ನಟ್ಟು ಕಳಚಿ ಕೈಗೇ ಬಂತು.

ಊರಿಗೆಲ್ಲ ಜ್ಯಾಮಿತಿ ಕಲಿಸುವವರ ಹಣೆಬರಹ ಇದು ಎಂದು ಹೆಂಡತಿ ನಕ್ಕಳು. ಅವರಿಗೆ ನಗು ಬರಲಿಲ್ಲ. ಕಂಬಿಯನ್ನು ಬಿಚ್ಚಿ ತಿರುಗಾಮುರುಗಾ ಮಾಡಿ ನೋಡಿದರು. ಯಾವ ತುದಿಯಿಂದ ನೋಡಿದರೂ ಬಲ ತಿರುಪು ಬಲ ತಿರುಪೇ. ಇದೇ ತಪ್ಪನ್ನು ಇನ್ನೊಂದು ಕಡೆಯೂ ಮಾಡಿದ್ದು ಆಗ ಹೊಳೆಯಿತು.

ಹಿಂದಿನ ತಿಂಗಳು ಅವರ ಶಿಷ್ಯೆ ವಿಭಾಗದವರೆಲ್ಲರ ಎದುರು ತನ್ನ ಸಂಶೋಧನೆ ಮಂಡಿಸಿದ್ದಳು. ಮಾತು ಕಡಿಮೆ ಎಂದು ಎಲ್ಲರೂ ಅವಳನ್ನು ಮೌನಿ ಎನ್ನುತ್ತಿದ್ದರು. ಹಲವು ಮುಖಗಳ ರಟ್ಟಿನ ಗುಂಡೊಂದನ್ನು ಮಾಡಿ ತಂದಿದ್ದಳು. ಇದರೊಳಗೊಂದು ಇರುವೆ ಇದೆ ಎಂದುಕೊಳ್ಳಿ ಎಂದಳು. ಅದು ಒಂದು ಮುಖವನ್ನು ದಾಟಿದರೆ ಎದುರಿನ ಮುಖದಿಂದ ಮತ್ತೆ ಒಳಗೇ ಬರುತ್ತದೆ. ಗೋಡೆಯಿಲ್ಲ, ಹೊರಗು ಎಂಬುದೇ ಇಲ್ಲ, ಆದರೂ ಜಾಗ ಇಷ್ಟೇ. ಆದರೆ ಎದುರುಬದುರು ಮುಖಗಳು ನೇರವಾಗಿ ಕೂರುವುದಿಲ್ಲ, ಹಾಗಾಗಿ ಪ್ರತಿ ಸಲ ದಾಟುವಾಗ ಇರುವೆ ಚೂರು ಬಲಕ್ಕೆ ಹೊರಳಬೇಕು. ಎಡಕ್ಕೆ ಹೊರಳಿಸಿದರೆ ಕನ್ನಡಿಯೊಳಗಿನಂಥ ಬೇರೊಂದು ಜಾಗ. ಎಡಗೈ ಬಲಗೈ ಇದ್ದ ಹಾಗೆ, ಎಷ್ಟೇ ತಿರುಗಿಸಿದರೂ ಒಂದು ಇನ್ನೊಂದಾಗದು. ಇದು ಅವಳ ವರ್ಷಗಳ ದುಡಿಮೆ.

ಪ್ರೊಫೆಸರರು ಎದ್ದು ಹೋಗಿ ಗುಂಡನ್ನು ಅವಳ ಕೈಯಿಂದ ತೆಗೆದುಕೊಂಡು ತಲೆಕೆಳಗು ಮಾಡಿದ್ದರು.

"ಈಗ ಎಡಕ್ಕೆ ಹೊರಳ್ತಲ್ಲ ತಾಯಿ? ಇಷ್ಟಕ್ಕೆ ಇಷ್ಟು ವರ್ಷ ಬೇಕಾಯ್ತಾ?"

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅವರ ಮಾತೆಂದರೆ ಅಲ್ಲಿ ಯಾರೂ ಮರುಪರೀಕ್ಷೆ ಮಾಡುವುದಿಲ್ಲ. ಮೌನಿ ಆ ಸಂಶೋಧನೆಯನ್ನು ಕೈಬಿಟ್ಟಳು. ಪ್ರೊಫೆಸರರು ಯಾರೋ ಬಿಟ್ಟುಹೋದ ಚಿಲ್ಲರೆ ಲೆಕ್ಕವೊಂದನ್ನು ಅವಳಿಗೆ ಹಚ್ಚಿದರು. ಸಾಲದ್ದಕ್ಕೆ ಆ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳಿಕೊಂಡು ತಿರುಗಿದರು. ದೊಡ್ಡವರ ತಮಾಷೆ ಹೀಗೆಯೇ, ಪೆಟ್ಟು ಬಿದ್ದವರನ್ನು ಬಿಟ್ಟು ಉಳಿದವರಿಗೆಲ್ಲ ರಂಜನೆ.

ಸೋಮವಾರ ಅವಳ ಕೋಣೆಗೆ ಹೋಗಿ, ತಪ್ಪು ನನ್ನದೇ, ನಿನ್ನ ಲೆಕ್ಕ ಸರಿಯಾಗಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು.

"ಗೊತ್ತು ಸಾರ್," ಎಂದಳು ಮೌನಿ.

"ಗೊತ್ತಿತ್ತಾ? ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಮಾರನೇ ದಿನವೇ ಹೇಳೋಣ ಅಂತ ನಿಮ್ಮ ಬಾಗಿಲ ತನಕ ಬಂದಿದ್ದೆ. ನೀವು ಫೋನಲ್ಲಿ ಯಾರಿಗೋ ನನ್ನ ಕಥೆ ಹೇಳಿ ನಗ್ತಾ ಇದ್ರಿ. ವಾಪಸ್ ಹೋದೆ."

ಅವರಿಗೆ ನೆಲ ನುಂಗಬಾರದೇ ಎನಿಸಿತು. ಕ್ಷಮಿಸಮ್ಮ ಎಂದರು. ಅವಳು ಚಿಲಕ ಹಾಕಿದ್ದ ಬಾಗಿಲ ಕಡೆ ನೋಡಿದಳು. ಮಾತು ಹೊರಗೆ ಕೇಳಬಾರದೆಂಬಂತೆ ಒಳಬರುವಾಗ ಚಿಲಕ ಹಾಕಿದವರು ಅವರೇ, ಅದು ಅವರಿಗೆ ಗೊತ್ತೇ ಆಗಿರಲಿಲ್ಲ.

"ನಕ್ಕವರು ಟೀ ಕುಡೀತಾ ಕೂತಿದ್ದಾರೆ ಸಾರ್. ಅವರಿಗೆ ಹೇಳಿ."

ಪ್ರೊಫೆಸರರು ಟೀ ಕೋಣೆಗೆ ಹೋದರು. ನಾನು ತಪ್ಪಿದೆ ಎಂಬ ಮಾತನ್ನು ಅವರು ಆ ಕೋಣೆಯಲ್ಲಿ ಎಂದೂ ಆಡಿದವರಲ್ಲ. "ನಮ್ಮ ಮೌನಿಯ ಗುಂಡಿನ ವಿಷಯ..." ಎಂದು ಶುರು ಮಾಡಿದರು.

ಅಷ್ಟಕ್ಕೇ ಎಲ್ಲರೂ ಕಪ್ಪು ಕೆಳಗಿಟ್ಟು ನಗತೊಡಗಿದರು. ಆ ನಗುವನ್ನು ಕಲಿಸಿದವರು ಅವರೇ. ಅದು ನಿಲ್ಲುವವರೆಗೂ ಅವರು ತಲೆ ತಗ್ಗಿಸಿ ನಿಂತಿದ್ದರು.