ಕಾವುಕೋಣೆಯ ತಳಿ

ಡಾಕ್ಟರ್ ರತ್ನಾಕರನಿಗೆ ಸೆಖೆ ಆಗದು. ಸೆಖೆ ತಡೆಯುವ ರೇಷ್ಮೆಹುಳುವಿನ ತಳಿ ತೆಗೆಯಲು ಸರ್ಕಾರ ಹುಡುಕಿ ಹುಡುಕಿ ಕಳಿಸಿದ್ದು ಇಂಥ ಮಹಾನುಭಾವನನ್ನು. ಕಾವುಕೋಣೆಯ ಹೊಸ್ತಿಲಾಚೆಯೇ ನಿಂತು, ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ, ಒಳಗಿದ್ದ ಹೊಂಬಾಳಮ್ಮನಿಗೆ ಅದು ಮಾಡು ಇದು ಮಾಡು ಅನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ಹುಳುಗಳೇ ಡೊಂಕು.

ಕೊಳ್ಳೇಗಾಲದ ಸೀಮೆಯ ಆ ತಳಿ ಕೇಂದ್ರದಲ್ಲಿ ಹೊಂಬಾಳಮ್ಮ ದಿನಗೂಲಿಯವಳು. ಹಿಂದಿನ ಸಾಹೇಬರು ಅವಳಿಗೆ ಕಲಿಸಿದ ಕೆಲಸ ಸುಲಭದ್ದು, ಕ್ರೂರವಾದದ್ದು. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚಿ ಎದ್ದ ಹುಳುಗಳನ್ನು ಮೂವತ್ತಾರು ಡಿಗ್ರಿ ಕಾವಿನಲ್ಲಿ ಇಡಬೇಕು. ಸತ್ತದ್ದನ್ನು ಗುಂಡಿಗೆ ಸುರಿಯಬೇಕು. ಸಾಯದೆ ಗೂಡು ಕಟ್ಟಿದವುಗಳಿಂದಲೇ ಮುಂದಿನ ಮೊಟ್ಟೆ ಪಡೆಯಬೇಕು. ಹೀಗೆ ಹದಿನಾಲ್ಕು ತಲೆಮಾರು ನಡೆದಿತ್ತು. ಮೊದಲು ನೂರಕ್ಕೆ ಒಂಬತ್ತು ಉಳಿಯುತ್ತಿದ್ದವು, ಈಗ ನಲವತ್ತು. ಆ ನಲವತ್ತು ಅವಳ ಬಾಳಿನ ಒಂದೇ ಹೆಮ್ಮೆ.

ಅಷ್ಟರಲ್ಲಿ ದಿಲ್ಲಿಯಿಂದ ತಪಾಸಣೆಯ ತಂಡ ಬರುವ ಸುದ್ದಿ ಬಂತು. ಸತ್ತ ಹುಳು ಕಂಡರೆ ತನ್ನ ಮಾನ ಹೋದೀತೆಂದು ರತ್ನಾಕರ ಕಾವು ಆರಿಸಿ ಬಾಗಿಲು ತೆಗೆಸಿದ. ಹೀಗೆ ಮಾಡಿದರೆ ತಳಿ ಕೆಡುತ್ತದೆ ಎಂದು ಹೊಂಬಾಳಮ್ಮ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ನಾಲ್ಕು ದಿನ ತಂಪು. ಬಂದವರು ತುಂಬಿದ ತಟ್ಟೆ ನೋಡಿ ತಲೆದೂಗಿ, ಮಸಾಲೆದೋಸೆ ತಿಂದು ಹೋದರು. ನೂರಕ್ಕೆ ತೊಂಬತ್ತಾರು ಉಳಿದಿವೆ ಎಂದು ವರದಿಯಾಯಿತು.

ಹುಳು ಹಣ್ಣಾಗಿ ಗೂಡಿಗೆ ತೊಡಗಲು ಇನ್ನು ಎರಡೇ ದಿನ. ಗಟ್ಟಿ ಯಾವುದು, ಜೊಳ್ಳು ಯಾವುದು ತಿಳಿಯದಂತೆ ಎಲ್ಲ ಬೆರೆತುಹೋಗಿದ್ದವು. ಹೊಂಬಾಳಮ್ಮ ಮತ್ತೆ ಕಾವು ಹಾಕಿ, ಒಳಗಿನಿಂದ ಚಿಲಕ ಹಾಕಿಕೊಂಡಳು. ರತ್ನಾಕರ ಓಡಿಬಂದು ಬಾಗಿಲು ಬಡಿದ. ತೊಂಬತ್ತಾರು ಎಂದು ಬರೆದಾಗಿದೆ, ಈಗ ಕಮ್ಮಿಯಾದರೆ ತನ್ನ ಗತಿಯೇನೆಂದು ಕೂಗಾಡಿದ.

“ಬರ್ದೋರು ನೀವು ತಾನೆ ಸಾ? ಗೂಡೂ ನೀವೇ ಕಟ್ಬುಡಿ,” ಎಂದಳು ಒಳಗಿನಿಂದ.

ಅವನು ಮತ್ತೆ ಬಡಿದಾಗ ಚಿಲಕ ತೆಗೆದು, ಬೇಕಾದರೆ ನೀವೇ ಬಂದು ಕಾವು ಆರಿಸಿ ಎಂದು ಪಕ್ಕಕ್ಕೆ ಸರಿದಳು. ಅವನು ಮೂರು ಹೆಜ್ಜೆ ಒಳಗೆ ಬಂದ. ಕನ್ನಡಕಕ್ಕೆ ಹಬೆ ಕವಿಯಿತು. ಸ್ವಿಚ್ಚಿಗಾಗಿ ಗೋಡೆ ತಡವಿ, ಉಸಿರು ಕಟ್ಟಿ, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಗೋಡಿದ. ಹುಳುವಾಗಿ ಹುಟ್ಟಿದ್ದರೆ ಮೊದಲ ದಿನವೇ ಗುಂಡಿ ಸೇರುತ್ತಿದ್ದ.

ಇಪ್ಪತ್ತು ತಟ್ಟೆಯಲ್ಲಿ ಏಳು ತಟ್ಟೆಯಷ್ಟು ಉಳಿದವು. ಅವನ್ನು ಅವಳೇ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟಳು. ಮಾರನೆಯ ದಿನವೇ ಅವಳನ್ನು ಹಿಪ್ಪುನೇರಳೆ ತೋಟಕ್ಕೆ, ಸೊಪ್ಪು ಕೊಯ್ಯಲು ಅಟ್ಟಿದರು. ಅಟ್ಟಲಿ, ತಳಿ ಉಳಿಯಿತಲ್ಲ ಎಂದು ನೆಮ್ಮದಿಯಾಗಿದ್ದಳು.

ಮುಂದಿನ ಬೆಳೆಯ ಹುಳು ಹಣ್ಣಾಗುವ ಹೊತ್ತಿಗೆ ಸೊಪ್ಪಿನ ಮಂಕರಿ ಹೊತ್ತು ಅತ್ತ ಹೋದಳು. ಕಾವುಕೋಣೆಯ ಬಾಗಿಲು ಮುಚ್ಚದಂತೆ ಇಟ್ಟಿಗೆ ಒತ್ತು ಕೊಟ್ಟಿದ್ದರು. ಒಳಗೆ ಎರಡು ಫ್ಯಾನು ತಿರುಗುತ್ತಿದ್ದವು. ರತ್ನಾಕರ ತಟ್ಟೆಗಳ ನಡುವೆಯೇ ಆರಾಮಾಗಿ ನಿಂತಿದ್ದ. ಇನ್ನು ಮೇಲೆ ಇದೇ ಪದ್ಧತಿ, ಇದೇ ಮೊಟ್ಟೆ ರೈತರಿಗೆ ಎಂದ.

“ನೋಡಮ್ಮ, ನೀನು ಹೋದ್ಮೇಲೆ ಒಂದೂ ಸತ್ತಿಲ್ಲ.”

“ಅಂಗಾದ್ರೆ ಎಲ್ಲಾ ಸತ್ತೋದೋ ಅನ್ನಿ ಸಾ,” ಎಂದಳು ಹೊಂಬಾಳಮ್ಮ. ಮಂಕರಿಯನ್ನು ಅಲ್ಲೇ ಇಳಿಸಿ, ಗೇಟು ದಾಟುವ ತನಕ ಅಳು ತಡೆದುಕೊಂಡು ನಡೆದಳು.